ಹೊಳೆಯ ಜೊತೆ ಒಂದು ದಿನ: ಬಾರಕೂರು, ಬಸ್ರೂರು, ಮಟ್ಟು, ಗುರುಪುರಗಳಲ್ಲಿ ಯಾವುದನ್ನು ಆರಿಸಬೇಕು?

ಕರಾವಳಿಯವರ ಬಾಯಲ್ಲಿ ಚಾರಣವೆಂದರೆ ಇಂದಿಗೂ ಕುಮಾರಪರ್ವತ, ಕೊಡಚಾದ್ರಿ, ನರಸಿಂಹಪರ್ವತ ಎಂಬ ಘಟ್ಟದ ಹೆಸರುಗಳೇ ಮೊದಲು ಬರುತ್ತವೆ. ಅಲ್ಲಿಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಕಾಳ್ಗಿಚ್ಚಿನ ಭಯವಿರುವ ಬೇಸಗೆಯಲ್ಲಿ ದಾರಿಗಳು ಮುಚ್ಚುವುದೂ ಉಂಟು. ಅದೇ ಘಟ್ಟದಿಂದ ಇಳಿದ ಹೊಳೆಗಳು ಗದ್ದೆಬೈಲುಗಳ ನಡುವೆ, ತೆಂಗಿನ ತೋಟಗಳ ಅಂಚಿನಲ್ಲಿ, ಒಂದು ಕಾಲಕ್ಕೆ ರಾಜಧಾನಿಗಳೋ ಬಂದರುಗಳೋ ಆಗಿದ್ದ ಊರುಗಳನ್ನು ಸವರಿಕೊಂಡು ಸಮುದ್ರ ಸೇರುವ ತಗ್ಗಿನ ನಾಡಿನಲ್ಲಿ ಒಂದು ಬೆಳಗನ್ನೋ ಒಂದು ಇಡೀ ದಿನವನ್ನೋ ನಡೆದು ಕಳೆಯಬಹುದು ಎಂಬ ವಿಚಾರ ಉಡುಪಿ, ಮಂಗಳೂರಿನ ನಿವಾಸಿಗಳಲ್ಲೇ ಅನೇಕರ ಗಮನಕ್ಕೆ ಬಂದಿಲ್ಲ. ಗಮನಕ್ಕೆ ಬಂದವರಿಗೆ ಎದುರಾಗುವ ಮುಂದಿನ ಪ್ರಶ್ನೆಯೆಂದರೆ ಯಾವ ಹೊಳೆ, ಯಾವ ಊರು ಎಂಬುದು. ಈ ಬರಹ ಆ ಆಯ್ಕೆಗೆ ಸಂಬಂಧಿಸಿದ್ದು.

ಇಂಥ ನಡಿಗೆಗಳನ್ನು ಹೋಲಿಸುವಾಗ ದೂರ, ನೆರಳು, ಮರಳಿ ಬರುವ ಬಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ನನ್ನ ಮೊದಲ ಅಳತೆಗೋಲು ಬೇರೆಯೇ: ಈ ಊರು ಇಲ್ಲೇ ಏಕೆ ಬೆಳೆಯಿತು ಎಂಬುದು ನಡೆಯುವವನಿಗೆ ನಡೆಯುತ್ತಲೇ ತಿಳಿಯುತ್ತದೆಯೇ? ನಮ್ಮ ಹೊಳೆಗಳು ಘಟ್ಟದಿಂದ ರಭಸವಾಗಿ ಇಳಿದು, ಕೊನೆಯ ಕೆಲವು ಮೈಲಿಗಳಲ್ಲಿ ಸಮತಟ್ಟಾಗಿ ನಿಧಾನಗೊಳ್ಳುತ್ತವೆ. ಭರತದ ವೇಳೆ ಉಪ್ಪುನೀರು ಅಷ್ಟು ದೂರ ಒಳಕ್ಕೆ ಏರುತ್ತದೆ. ಸರಕು ತುಂಬಿದ ದೋಣಿಗಳು ಭರತದ ಜೊತೆ ಮೇಲಕ್ಕೆ, ಇಳಿತದ ಜೊತೆ ಕೆಳಕ್ಕೆ ಓಡಾಡಿದವು. ಆದ್ದರಿಂದಲೇ ಹಳೆಯ ಪೇಟೆಗಳು ಅಲೆಗಳ ಬಾಯಲ್ಲಿ ನೆಲೆಯಾಗದೆ, ಮಳೆಗಾಲದ ಕಡಲಿನ ಆರ್ಭಟ ತಾಗದಷ್ಟು ಒಳಗೆ, ದೋಣಿ ತಲುಪುವಷ್ಟು ಹತ್ತಿರ ನೆಲೆಯಾದವು. ಸೀತಾ ಹೊಳೆಯ ಬಾರಕೂರು, ವಾರಾಹಿಯ ಬಸ್ರೂರು ಮತ್ತು ಹಟ್ಟಿಯಂಗಡಿ, ಫಲ್ಗುಣಿಯ ಗುರುಪುರ, ನೇತ್ರಾವತಿಯ ಬಂಟ್ವಾಳ ಎಲ್ಲವೂ ಈ ಬಗೆಯವೇ. ಊರಿನಿಂದ ಅಳಿವೆಯವರೆಗೆ ನಡೆದರೆ ಈ ಸಂಬಂಧ ಕಣ್ಣಿಗೇ ಕಾಣುತ್ತದೆ. ಕಾರಿನಲ್ಲಿ ದೇವಸ್ಥಾನದಿಂದ ದೇವಸ್ಥಾನಕ್ಕೆ ಹಾರಿದರೆ ಕಾಣುವುದಿಲ್ಲ.

ಈ ಅಳತೆಗೋಲಿನಲ್ಲಿ ಮೊದಲ ಸ್ಥಾನ ಬಾರಕೂರಿನದ್ದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಉಡುಪಿಯಿಂದ ಬ್ರಹ್ಮಾವರದ ಮೂಲಕ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಕೊಂಕಣ ರೈಲು ಮಾರ್ಗದಲ್ಲಿ ಬಾರಕೂರು ನಿಲ್ದಾಣವೂ ಇದೆ, ಆದರೆ ಅಲ್ಲಿ ನಿಲ್ಲುವ ರೈಲುಗಳು ಕಡಿಮೆ. ತುಳುನಾಡನ್ನು ಬಹುಕಾಲ ಆಳಿದ ಆಳುಪ ಅರಸರ ರಾಜಧಾನಿಯಾಗಿ, ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಇಡೀ ಆಡಳಿತ ವಿಭಾಗದ ಕೇಂದ್ರವಾಗಿ ಮೆರೆದ ಊರು ಇದು. ತುಳುನಾಡಿನ ಉಳಿದ ಅರ್ಧಕ್ಕೆ ಆಗ ಮಂಗಳೂರು ರಾಜ್ಯವೆಂಬ ಹೆಸರಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತ ಫಾಕನೂರು ಎಂದು ಬರೆದಿರುವುದು ಈ ಊರನ್ನೇ. ಅಳಿವೆಯ ಮೇಲಿರುವ ದೊಡ್ಡ ಪಟ್ಟಣ, ಸುತ್ತ ಬೇರೆಲ್ಲೂ ಸಿಗದಂಥ ಕಬ್ಬು ಎಂಬುದು ಅವನ ಮಾತಿನ ಸಾರಾಂಶ. ಕಬ್ಬಿನ ವಿಷಯ ಬಂದಾಗಲೆಲ್ಲ, ನಮ್ಮ ಕಾಲದಲ್ಲಿ ಪಕ್ಕದ ಬ್ರಹ್ಮಾವರದಲ್ಲೇ ಸಹಕಾರಿ ಸಕ್ಕರೆ ಕಾರ್ಖಾನೆಯೊಂದು ತೆರೆದು ಮುಚ್ಚಿದ್ದು ನೆನಪಾಗುತ್ತದೆ.

ಬಾರಕೂರಿನ ಒಳಗಿನ ನಡಿಗೆಯೇ ಮೂರು ಗಂಟೆ ಬೇಡುತ್ತದೆ. ಊರು ಕೇರಿಗಳಾಗಿ ಹರಡಿಕೊಂಡಿದೆ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಊರವರು ಹೇಳುತ್ತಾರೆ. ಆ ಲೆಕ್ಕವನ್ನು ಯಾರೂ ಇಂದು ಪರೀಕ್ಷಿಸಲಾರರು, ಆದರೆ ಗದ್ದೆಯಂಚಿನಲ್ಲಿ, ಮನೆಯ ಹಿತ್ತಿಲಲ್ಲಿ, ತೋಟದ ನಡುವೆ ಶಿಲಾಶಾಸನವೋ ಮುರಿದ ಪೀಠವೋ ಎದುರಾಗುತ್ತಲೇ ಇರುವಾಗ ಲೆಕ್ಕ ತೀರ ಹೆಚ್ಚೆನಿಸುವುದೂ ಇಲ್ಲ. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನ, ಮೂರ್ತಿಗಳಿಲ್ಲದೆ ಕಂಬಗಳಷ್ಟೇ ನಿಂತಿರುವ ಕತ್ತಲೆ ಬಸದಿ ಮತ್ತು ಅದರ ಮಾನಸ್ತಂಭ, ಕೋಟೆಯ ಅವಶೇಷ ಇವು ಮೂರನ್ನು ತಪ್ಪಿಸಬಾರದು. ಇವುಗಳಲ್ಲಿ ಕತ್ತಲೆ ಬಸದಿಗೆ ಸಾಕಷ್ಟು ಸಮಯ ಕೊಡಿ. ಪೂಜೆ ನಡೆಯುವ ದೇವಸ್ಥಾನಗಳು ಜೀರ್ಣೋದ್ಧಾರದಲ್ಲಿ ಗ್ರಾನೈಟು, ಬಣ್ಣ, ತಗಡಿನ ಚಪ್ಪರಗಳನ್ನು ಪಡೆದು ಹೊಸತಾಗಿವೆ. ಹಳೆಯ ಬಾರಕೂರಿನ ಕಲ್ಲುಕೆಲಸ ಹೇಗಿತ್ತೆಂದು ತಿಳಿಯಲು ಪೂಜೆ ನಿಂತುಹೋದ ಬಸದಿಯೇ ಈಗ ಉಳಿದಿರುವ ಉತ್ತಮ ಸಾಕ್ಷಿ.

ಆಸ್ತಿ ಮಗನಿಗಲ್ಲದೆ ಸೋದರಳಿಯನಿಗೆ ಸಲ್ಲುವ ಅಳಿಯಸಂತಾನ ಕಟ್ಟಿನ ಮೂಲವೆಂದು ಹೇಳಲಾಗುವ ಭೂತಾಳಪಾಂಡ್ಯನ ಐತಿಹ್ಯವೂ ಈ ಊರಿಗೇ ಅಂಟಿಕೊಂಡಿದೆ. ಅರಸನ ಹಡಗುಗಳು ನೀರಿಗಿಳಿಯಬೇಕಾದರೆ ಕುಂಡೋದರನೆಂಬ ಭೂತ ಮಗನ ಬಲಿ ಬೇಡುತ್ತದೆ, ಹೆಂಡತಿ ಒಪ್ಪುವುದಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸುತ್ತಾಳೆ, ಭೂತ ಅವನನ್ನು ಬದುಕಿಸಿ ಅರಸುತನವನ್ನೂ ಕೊಡಿಸುತ್ತದೆ. ಕಥೆಯ ಸತ್ಯಾಸತ್ಯ ಹಾಗಿರಲಿ. ತುಳುನಾಡಿನ ಆಸ್ತಿಹಕ್ಕಿನ ಕಥೆಯೊಂದು ನೀರಿಗಿಳಿಯದ ಹಡಗಿನಿಂದ ಆರಂಭವಾಗುತ್ತದೆ ಎಂಬುದನ್ನು, ಇಂದು ಬರೀ ಗದ್ದೆತೋಟಗಳ ಊರಿನಂತೆ ಕಾಣುವ ಬಾರಕೂರಿನಲ್ಲಿ ನಡೆಯುವಾಗ ಗಮನದಲ್ಲಿಟ್ಟುಕೊಂಡರೆ, ಹೊಳೆಯತ್ತ ತಿರುಗುವ ಪ್ರತಿ ಓಣಿಗೂ ಒಂದು ಕಾರಣ ಕಾಣತೊಡಗುತ್ತದೆ.

ಊರು ನೋಡಿ ಮುಗಿದ ಮೇಲೆ ಅಲ್ಲಿಂದಲೇ ಬಸ್ಸು ಹತ್ತುವವರು ಅರ್ಧವನ್ನಷ್ಟೇ ನೋಡಿದಂತೆ. ಒಳರಸ್ತೆಗಳಲ್ಲಿ ಪಡುವಣಕ್ಕೆ ಮಾಬುಕಳದತ್ತ ನಡೆದು, ಹೆದ್ದಾರಿ ದಾಟಿ, ಸೀತಾ ಹೊಳೆಯನ್ನು ಎಡಕ್ಕಿಟ್ಟುಕೊಂಡು ಹಂಗಾರಕಟ್ಟೆಗೆ ಹೋಗಬೇಕು. ಒಟ್ಟು ಆರೇಳು ಕಿಲೋಮೀಟರ್. ಹೆದ್ದಾರಿ ದಾಟುವ ಆ ಒಂದು ಜಾಗ ಮಾತ್ರ ಅಪ್ರಿಯವಾದದ್ದು. ಹಂಗಾರಕಟ್ಟೆ ಈಚಿನವರೆಗೂ ಚಟುವಟಿಕೆಯಿದ್ದ ಬಂದರು. ದೋಣಿ ಕಟ್ಟುವ ಕೆಲಸ, ಬಾಳೆಕುದ್ರು ಮಠ, ಯಕ್ಷಗಾನ ಕಲಿಸುವ ಕೇಂದ್ರ ಇವೆಲ್ಲ ಈ ಪುಟ್ಟ ಊರಿನ ಸುತ್ತಲೇ ಇವೆ. ಇಲ್ಲಿ ಹೊಳೆ ಅಗಲವಾಗಿ, ಸ್ವರ್ಣಾ ನದಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ಆಚೆ ದಡದ ಕೋಡಿ ಬೆಂಗ್ರೆಗೆ ದೋಣಿಯಲ್ಲಿ ದಾಟಬಹುದು. ದಾಟಿದರೆ ಹೂಡೆಯ ಮೂಲಕ ಉಡುಪಿಗೆ ಬಸ್ಸು ಸಿಗುತ್ತದೆ. ದಾಟಲಾಗದಿದ್ದರೆ ಬ್ರಹ್ಮಾವರ, ಸಂತೆಕಟ್ಟೆ, ಕೆಮ್ಮಣ್ಣು ಎಂದು ದೊಡ್ಡ ಸುತ್ತು. ಹೀಗಾಗಿ ದೋಣಿ ಯಾವ ಹೊತ್ತಿಗೆ ಹೊರಡುತ್ತದೆ, ಆ ದಿನ ಹೊರಡುತ್ತದೆಯೇ ಎಂಬುದನ್ನು ಬೆಳಗ್ಗೆ ಬಾರಕೂರಿನಲ್ಲೇ ವಿಚಾರಿಸಿಟ್ಟುಕೊಳ್ಳುವುದು ಉತ್ತಮ.

ಬಾರಕೂರಿಗೆ ನಿಜವಾದ ಪ್ರತಿಸ್ಪರ್ಧಿಯೆಂದರೆ ಬಸ್ರೂರು ಒಂದೇ. ಕುಂದಾಪುರದಿಂದ ಒಳಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿ ವಾರಾಹಿಯ ದಡದಲ್ಲಿರುವ ಈ ಊರನ್ನು ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದರು. ಗೋವೆಗೆ ಅಕ್ಕಿ ಹೋಗುತ್ತಿದ್ದ ಬಂದರುಗಳಲ್ಲಿ ಇದು ಮುಖ್ಯವಾದದ್ದು. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಇದೇ ಪೇಟೆಯನ್ನು ಸೂರೆಗೊಂಡ. ಸೂರೆಗೆ ಬರಬೇಕಾದರೆ ಇಲ್ಲಿ ಎಷ್ಟು ಸಂಪತ್ತಿತ್ತೆಂದು ಊಹಿಸಿಕೊಳ್ಳಬಹುದು. ವರ್ತಕ ಸಂಘಗಳ ಬಗ್ಗೆ ಹೇಳುವ ಶಾಸನಗಳು ಬಸ್ರೂರಿನಲ್ಲಿವೆ. ಮಹಾಲಿಂಗೇಶ್ವರ ದೇವಸ್ಥಾನ ವೈಭವದಲ್ಲಿದೆ. ತುಳುವೇಶ್ವರದಲ್ಲಿ ಮರದ ಬೇರುಗಳು ಕಲ್ಲುಗಳನ್ನು ಅಪ್ಪಿಕೊಂಡಿವೆ. ಛಾಯಾಚಿತ್ರ ತೆಗೆಯುವವರು ಈ ಎರಡನೆಯದಕ್ಕಾಗಿಯೇ ಬರುತ್ತಾರೆ.

ಎರಡರ ನಡುವೆ ಆರಿಸುವುದಾದರೆ ಹೀಗೆ ಹೇಳಬಹುದು. ಬಸ್ರೂರು ಅಡಕವಾದ ಊರು. ಎರಡು ಗಂಟೆಯಲ್ಲಿ ಸುತ್ತಿ ಮುಗಿಯುತ್ತದೆ, ಕುಂದಾಪುರದ ಬಸ್ಸು ಆಗಾಗ ಸಿಗುತ್ತದೆ, ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯಲು ಸುಲಭ. ಆದರೆ ಊರಿನಾಚೆ ನದಿಯ ಜೊತೆ ನಡೆಯಬೇಕೆಂದರೆ ಕಂಡ್ಲೂರಿನವರೆಗಿನ ರಸ್ತೆಯೇ ಗತಿ, ಅದರಲ್ಲಿ ಲಾರಿ, ಬಸ್ಸುಗಳ ಓಡಾಟವಿದೆ. ಅಳಿವೆಯತ್ತ ಹೋದರೆ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದವು ಕೂಡುವ ಪಂಚಗಂಗಾವಳಿಯ ವಿಶಾಲ ನೀರು ಕಾಣುತ್ತದೆ, ಆದರೆ ಅದನ್ನು ನಡೆದು ಹಿಂಬಾಲಿಸುವುದಕ್ಕಿಂತ ಕುಂದಾಪುರದ ದಡದಲ್ಲಿ ನಿಂತು ನೋಡುವುದೇ ಮೇಲು. ಚರಿತ್ರೆಯ ತೂಕದಲ್ಲಿ ಬಸ್ರೂರು ಬಾರಕೂರಿಗೆ ಕಡಿಮೆಯಲ್ಲ, ನಡಿಗೆಯಾಗಿ ಮಾತ್ರ ಕಡಿಮೆ. ಹಟ್ಟಿಯಂಗಡಿಯನ್ನು ಇದಕ್ಕೆ ಜೋಡಿಸುವವರಿದ್ದಾರೆ; ಸಿದ್ಧಿವಿನಾಯಕ ದೇವಸ್ಥಾನ, ಹಳೆಯ ಬಸದಿ, ಹಿಂದೆ ಹರಿಯುವ ವಾರಾಹಿ ಚೆನ್ನಾಗಿವೆ, ಆದರೆ ಹೊಳೆಯಾಚೆಗಿನ ಆ ಊರಿಗೆ ತಲ್ಲೂರಿನ ಕಡೆಯಿಂದ ಪ್ರತ್ಯೇಕವಾಗಿ ಹೋಗುವುದು ಜಾಣತನ.

ಸ್ವರ್ಣಾ ನದಿಯ ನಡಿಗೆ ಇವೆರಡಕ್ಕಿಂತ ಭಿನ್ನವಾದದ್ದು. ಇಲ್ಲಿ ಚರಿತ್ರೆಗಿಂತ ನೀರಿನ ಪಾಲು ಹೆಚ್ಚು. ಸಂತೆಕಟ್ಟೆಯ ಬಳಿಯ ಕಲ್ಯಾಣಪುರದಿಂದ ಹೊರಟರೆ ಮೊದಲು 1678ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಇಗರ್ಜಿ ಸಿಗುತ್ತದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ರಚನೆಯಾದಾಗಿನಿಂದ ಇದು ಅದರ ಪ್ರಧಾನಾಲಯ. ಅಲ್ಲಿಂದ ಕೆಮ್ಮಣ್ಣಿನತ್ತ ಸಾಗಿದಂತೆ ಹೊಳೆ ಕವಲೊಡೆದು ಕುದ್ರುಗಳೆಂಬ ನಡುಗಡ್ಡೆಗಳನ್ನು ಸುತ್ತುವರಿಯುತ್ತದೆ. ತಿಮ್ಮಣ್ಣಕುದ್ರುವಿಗೆ ಹೋಗುವ ತೂಗುಸೇತುವೆ ಈಗ ಮೊಬೈಲಿನಲ್ಲಿ ಚಿತ್ರ ತೆಗೆಯುವವರ ಯಾತ್ರಾಸ್ಥಳವಾಗಿ, ಭಾನುವಾರ ಸಂಜೆ ಕುದ್ರುವಿನ ನಿವಾಸಿಗಳೇ ಸರದಿಯಲ್ಲಿ ನಿಲ್ಲಬೇಕಾದ ಸ್ಥಿತಿ ಬಂದಿದೆ. ಅದು ಅವರ ಮನೆಬಾಗಿಲಿನ ದಾರಿ. ವಾರದ ನಡುವಿನ ಬೆಳಗ್ಗೆ ಹೋಗಿ, ಸೇತುವೆಯ ಮೇಲೆ ನಡೆಯಲು ಅವಕಾಶವಿದೆಯೇ ಎಂದು ಕೇಳಿ, ದಾಟಿದ ಮೇಲೆ ಅಂಗಳಗಳ ಮೂಲಕ ಅಡ್ಡಾಡದೆ ದಡದ ದಾರಿಯನ್ನೇ ಹಿಡಿದರೆ, ಕಾಂಡ್ಲಾ ಗಿಡಗಳು, ಬಲೆ ಒಣಗಿಸುವ ಕಟ್ಟೆಗಳು, ಮಳಿ ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಎಲ್ಲ ನೋಡಲು ಸಿಗುತ್ತಾರೆ. ಅರ್ಧ ದಿನ ಮಾತ್ರ ಬಿಡುವಿದ್ದವರಿಗೆ, ಉಡುಪಿಯಿಂದ ದೂರ ಹೋಗಲಾರದವರಿಗೆ ಇದೇ ಸರಿ.

ಮಟ್ಟುವಿನ ದಾರಿಯನ್ನು ನಾನು ಹೆಚ್ಚು ಜನರಿಗೆ ಹೇಳುತ್ತೇನೆ, ಏಕೆಂದರೆ ಅದು ಯಾರಿಗೂ ನಿರಾಶೆ ಮಾಡುವುದಿಲ್ಲ. ಪಾಪನಾಶಿನಿ ಎಂದೂ ಕರೆಯುವ ಉದ್ಯಾವರ ಹೊಳೆ ಕಡಲಿನ ಹತ್ತಿರ ಬಂದ ಮೇಲೂ ಒಡನೆ ಕಡಲು ಸೇರದೆ, ಮರಳಿನ ದಿಬ್ಬದ ಹಿಂದೆ ಬಡಗಣಕ್ಕೆ ಮೈಲಿಗಟ್ಟಲೆ ಹರಿದು ಮಲ್ಪೆಯಲ್ಲಿ ಅಳಿವೆ ಕಾಣುತ್ತದೆ. ಆದ್ದರಿಂದ ಮಟ್ಟುವಿನಿಂದ ಪಡುಕೆರೆಯ ಮೂಲಕ ಮಲ್ಪೆಗೆ ನಡೆಯುವವರಿಗೆ ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ಒಂದು ಸಾಲು ಮೀನುಗಾರರ ಮನೆ, ಭಜನಾ ಮಂದಿರ, ತೆಂಗು. ಒಂಬತ್ತು ಹತ್ತು ಕಿಲೋಮೀಟರಿನ ಈ ದಾರಿ ಪೂರ್ತಿ ಸಮತಟ್ಟು. ದಾರಿ ತಪ್ಪುವ ಸಾಧ್ಯತೆಯೇ ಇಲ್ಲ. ಕೊನೆಯಲ್ಲಿ ಪಡುಕೆರೆ ಸೇತುವೆ ದಾಟಿದರೆ ಮಲ್ಪೆ ಬಂದರು, ಅಲ್ಲಿಂದ ಉಡುಪಿಗೆ ಬಸ್ಸುಗಳಿಗೆ ಲೆಕ್ಕವಿಲ್ಲ. ದಾರಿ ಉದ್ದ ಸಾಲದೆನ್ನುವವರು ಕಾಪುವಿನ 1901ರ ದೀಪಸ್ತಂಭದಿಂದಲೇ ಹೊರಡಬಹುದು. ಆಗ ಹದಿನಾಲ್ಕು ಹದಿನೈದು ಕಿಲೋಮೀಟರ್ ಆಗುತ್ತದೆ, ಬಿಸಿಲಿಗೆ ತಲೆ ಕೊಡಲು ಸಿದ್ಧರಿರಬೇಕು.

ಈ ದಾರಿಯಲ್ಲಿ ಕಲ್ಲಿನ ಕಟ್ಟಡಗಳನ್ನು ಹುಡುಕುವವರಿಗೆ ಹೆಚ್ಚೇನೂ ಸಿಗದು. ಆಳುಪರ ಮೊದಲಿನ ನೆಲೆಗಳಲ್ಲೊಂದಾಗಿದ್ದು, ದಾಯಾದಿ ಕಲಹದಲ್ಲಿ ಮಡಿದ ವೀರರ ಕಲ್ಲುಗಳಿಗೆ ಹೆಸರಾದ ಉದ್ಯಾವರ ಹೊಳೆಯ ಆಚೆ, ಹೆದ್ದಾರಿಯ ಬದಿಗೆ ಉಳಿದುಬಿಡುತ್ತದೆ. ಇಲ್ಲಿ ಹಳತೆಂದರೆ ಬೇಸಾಯವೇ. ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ನಂಬಲಾಗುವ, ಉಡುಪಿ ಕೃಷ್ಣಮಠದ ಪರ್ಯಾಯದ ಅಡುಗೆಗೂ ಸಲ್ಲುವ ಮಟ್ಟುಗುಳ್ಳವೆಂಬ ಬದನೆ ಬೆಳೆಯುವುದು ಹೊಳೆದಡದ ಈ ಮಣ್ಣಿನಲ್ಲಿ; 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕ ದೊರೆಯಿತು. ಮಳೆಗಾಲದ ಭತ್ತ ಕೊಯ್ದ ಗದ್ದೆಗಳಲ್ಲೇ ಗುಳ್ಳದ ಸಾಲುಗಳು ಏಳುತ್ತವೆ. ಜನವರಿ, ಫೆಬ್ರುವರಿಯಲ್ಲಿ ಹೋದರೆ ಗಿಡದಲ್ಲಿರುವ ಗುಳ್ಳವನ್ನು ನೋಡಿ, ಬೆಳೆದವರ ಕೈಯಿಂದಲೇ ಕೊಂಡು ಬರಬಹುದು. ಪೇಟೆಯಲ್ಲಿ ಮಟ್ಟುಗುಳ್ಳವೆಂದು ಮಾರುವುದರಲ್ಲಿ ಎಷ್ಟು ಪಾಲು ಮಟ್ಟುವಿನದ್ದು ಎಂಬ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ.

ಮಂಗಳೂರಿನವರು ಇದನ್ನೆಲ್ಲ ಓದಿ, ನಮಗೆ ಹತ್ತಿರದ್ದೇನೂ ಇಲ್ಲವೇ ಎಂದು ಕೇಳುವುದು ಸಹಜ. ಇದೆ. ಫಲ್ಗುಣಿಯ ದಡದ ಗುರುಪುರದಿಂದ ಅಡ್ಡೂರಿನ ಮೂಲಕ ಪೊಳಲಿಗೆ ಆರೇಳು ಕಿಲೋಮೀಟರಿನ ದಾರಿಯನ್ನು ನಗರದ ಅಷ್ಟು ಹತ್ತಿರವಿದ್ದೂ ನಡೆಯುವವರು ಕಡಿಮೆ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸುಗಳು ಗುರುಪುರವನ್ನು ಹಾದೇ ಹೋಗುತ್ತವೆ. ಹೊಳೆಯ ಎರಡು ಬದಿಗೂ ಬೈಲು, ಮಜಲು, ಬೆಟ್ಟು ಎಂಬ ಮೂರು ಹಂತದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಅತಿ ತಗ್ಗಿನ ಬೈಲಿನಲ್ಲಿ ನೀರು ಬಹುಕಾಲ ನಿಲ್ಲುವುದರಿಂದ ಒಂದಕ್ಕಿಂತ ಹೆಚ್ಚು ಬೆಳೆ, ಮೇಲಿನ ಬೆಟ್ಟಿನಲ್ಲಿ ಏಣೆಲು ಎಂಬ ಮಳೆಗಾಲದ ಬೆಳೆ ಒಂದೇ. ಈ ಮೂರನ್ನೂ ಒಂದೇ ನೋಟದಲ್ಲಿ ಕಾಣುವ ಜಾಗಗಳು ಕರಾವಳಿಯಲ್ಲಿ ದಿನೇದಿನೇ ಕಡಿಮೆಯಾಗುತ್ತಿವೆ. ಮೊದಲು ಬೇಸಾಯವಿಲ್ಲದೆ ಹಡಿಲು ಬೀಳುವುದು ಬೆಟ್ಟು, ಆಮೇಲೆ ಅಡಿಕೆಯೋ ಸೈಟೋ ಆಗುವುದೂ ಅದೇ. ಗುರುಪುರದ ಹಾದಿ ಇನ್ನೂ ಸ್ವಲ್ಪ ಉಳಿಸಿಕೊಂಡಿದೆ.

ಇದೇ ಸೀಮೆಯ ಮಣೇಲಿನಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಭೇಟಿಯಾದ. ಅರಮನೆಯ ಸಭೆಯಲ್ಲಿ ನಡೆದ ಭೇಟಿ ಅದಲ್ಲ. ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಿಕೊಂಡು ಕಾಲ್ನಡಿಗೆಯಲ್ಲೇ ಮರಳುತ್ತಿದ್ದ ರಾಣಿ ದಾರಿಯಲ್ಲಿ ಎದುರಾದಳೆಂದು ಅವನು ಬರೆದಿದ್ದಾನೆ. ಗುರುಪುರ ಕೈಕಂಬದ ಆಸುಪಾಸಿನಲ್ಲಿ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರೆ ಬೇಕಿಲ್ಲ. ದಾರಿಯ ಕೊನೆಯ ಪೊಳಲಿಯಲ್ಲಿ ರಾಜರಾಜೇಶ್ವರಿಯ ಮೂರ್ತಿ ಮಣ್ಣಿನದ್ದು; ಹೊಳೆ ಎದುರಿನಲ್ಲೇ ಇರುವ ಊರಿನಲ್ಲಿ ಅದು ಅಚ್ಚರಿಯಲ್ಲ. ತಿಂಗಳಿಡೀ ನಡೆಯುವ ಜಾತ್ರೆಯಲ್ಲಿ ಪೊಳಲಿ ಚೆಂಡು ಎಂಬ ಚೆಂಡಾಟ ನೋಡಬೇಕೆನ್ನುವವರು ಮಾರ್ಚ್, ಏಪ್ರಿಲ್‌ನಲ್ಲಿ ಹೋಗಬೇಕು, ಆದರೆ ಆಗ ನಡಿಗೆಯ ನೆಮ್ಮದಿ ಇರುವುದಿಲ್ಲ. ಈ ಹಾದಿಯ ಕೊರತೆಯೆಂದರೆ ಹೊಳೆ ಆಗಾಗ ತೋಟಗಳ ಹಿಂದೆ ಮರೆಯಾಗುವುದು, ಖಾಸಗಿ ಜಾಗಗಳ ಬೇಲಿ, ಮರಳು ಲಾರಿಗಳು. ಬಾರಕೂರಿನಷ್ಟು ಕಲ್ಲಿನ ಸಂಪತ್ತನ್ನೂ ಮಟ್ಟುವಿನಷ್ಟು ನೀರನ್ನೂ ಅದು ಕೊಡುವುದಿಲ್ಲ, ಕೊಡುವುದು ಗದ್ದೆಯನ್ನು.

ಬಂಟ್ವಾಳದ ಬಗ್ಗೆ ಎರಡೇ ಮಾತು. ಘಟ್ಟದಿಂದ ಎತ್ತುಗಳ ಮೇಲೆ ಇಳಿದ ಸರಕು ದೋಣಿ ಹತ್ತುತ್ತಿದ್ದ ಪೇಟೆ ಅದು. ನೇತ್ರಾವತಿಗೆ ಬೆನ್ನು ತಾಗಿಸಿಕೊಂಡ ಇಕ್ಕಟ್ಟಿನ ರಸ್ತೆ, ತಿರುಮಲ ವೆಂಕಟರಮಣ ದೇವಸ್ಥಾನ, 1923 ಮತ್ತು 1974ರ ನೆರೆಗಳನ್ನು ಇಂದಿಗೂ ಮಾತಿನಲ್ಲಿ ತರುವ ಅಂಗಡಿಕಾರರು. ಪಾಣೆಮಂಗಳೂರಿನ ಹಳೆಯ ಸೇತುವೆಯ ಕಡೆಯಿಂದ ಪೇಟೆಗೆ ನಡೆದು, ಬಯಸಿದರೆ ಬಂಗರಸರ ನೆಲೆಯಾಗಿದ್ದ ನಂದಾವರಕ್ಕೂ ಹೋಗಿ ಬರಬಹುದು. ಆದರೆ ಬಿ.ಸಿ.ರೋಡಿನ ಗದ್ದಲ ಬೆನ್ನು ಬಿಡದಿರುವುದರಿಂದ ಇದನ್ನು ಗ್ರಾಮೀಣ ನಡಿಗೆಯೆಂದು ಶಿಫಾರಸು ಮಾಡಲಾರೆ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನೇತ್ರಾವತಿಗಳ ಸಂಗಮ ನೋಡಲೇಬೇಕಾದದ್ದು, ಆದರೆ ಅದು ನಿಂತು ನೋಡುವ ಸ್ಥಳ.

ಯಾವ ದಾರಿಯನ್ನೇ ಆರಿಸಿದರೂ ಕಾಲ ಸರಿಯಿಲ್ಲದಿದ್ದರೆ ಹೋಲಿಕೆಯೆಲ್ಲ ವ್ಯರ್ಥ. ನಮ್ಮಲ್ಲಿ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟು ಮೇ ತಿಂಗಳ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ನಡೆಯುವವರ ತಿರುಗಾಟವೂ ಸುಮಾರಾಗಿ ಅದೇ ಅವಧಿಗೆ ಸಲ್ಲುತ್ತದೆ, ಕೊನೆಯ ಎರಡು ತಿಂಗಳನ್ನು ಬಿಟ್ಟು. ನವೆಂಬರಿನಿಂದ ಫೆಬ್ರುವರಿಯವರೆಗೆ ಗದ್ದೆಗಳು ಒಣಗಿರುತ್ತವೆ, ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸಿರುತ್ತಾರೆ, ಅವುಗಳ ಮೇಲಿನ ಕಾಲುದಾರಿಯಿಂದ ಎಷ್ಟೋ ಕಡೆ ಹೊಳೆ ದಾಟಬಹುದು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಆರುವುದೇ ಇಲ್ಲವಾದ್ದರಿಂದ ಹತ್ತು ಗಂಟೆಯೊಳಗೆ ನಡಿಗೆ ಮುಗಿಯಬೇಕು; ಆಗ ಬಾರಕೂರಿನ ಕೇರಿಗಳ ನೆರಳು ಉಪಯೋಗಕ್ಕೆ ಬರುತ್ತದೆ, ಮಟ್ಟುವಿನ ಮರಳು ಶಿಕ್ಷೆಯಾಗುತ್ತದೆ.

ಭರತ ಇಳಿತದ ಲೆಕ್ಕ ಮಟ್ಟು ಮತ್ತು ಕೋಡಿ ಬೆಂಗ್ರೆಗೆ ಮುಖ್ಯ, ಉಳಿದವಕ್ಕೆ ಅಷ್ಟಿಲ್ಲ. ನಮ್ಮ ಕರಾವಳಿಯಲ್ಲಿ ಏರಿಳಿತದ ಅಂತರ ಒಂದರಿಂದ ಒಂದೂವರೆ ಮೀಟರಿನ ಆಸುಪಾಸಿನದ್ದು, ದೊಡ್ಡದೇನಲ್ಲ. ಆದರೂ ಅಮಾವಾಸ್ಯೆ, ಹುಣ್ಣಿಮೆಯ ಭರತದಲ್ಲಿ ಮರಳಿನ ದಂಡೆಯ ನಡೆಯುವ ಜಾಗ ಮಾಯವಾಗುತ್ತದೆ. ದಿನದಿಂದ ದಿನಕ್ಕೆ ಭರತ ಸುಮಾರು 50 ನಿಮಿಷ ತಡವಾಗುತ್ತದೆಂಬುದು ಗೊತ್ತಿದ್ದರೆ ನಿನ್ನೆ ಮೀನುಗಾರರು ಹೇಳಿದ ಹೊತ್ತಿನಿಂದ ಇಂದಿನದನ್ನು ಲೆಕ್ಕ ಹಾಕಬಹುದು. ಹೊಳೆಯ ಬದಿಯಲ್ಲಿ ಇಳಿತದ ಹೊತ್ತೇ ಚೆಂದ: ಕೆಸರಿನ ಬಯಲು ತೆರೆದುಕೊಂಡು ಹಕ್ಕಿಗಳು ಇಳಿಯುತ್ತವೆ.

ಮೊಬೈಲಿನ ನಕಾಶೆಯನ್ನು ನಂಬಿ ಹೊಳೆ ದಾಟುವ ಯೋಜನೆ ಹಾಕಬಾರದು. ಅದರಲ್ಲಿ ಕಾಣುವ ಎಷ್ಟೋ ಕಡವುಗಳಲ್ಲಿ ಸೇತುವೆ ಬಂದ ಮೇಲೆ ದೋಣಿ ನಿಂತಿದೆ. ಊರವರು ದಿನವೂ ಬಳಸುವ ಕಾಲುಸಂಕಗಳು ಅದರಲ್ಲಿ ಇಲ್ಲವೇ ಇಲ್ಲ. ಕೇಳಿ ನಡೆಯುವುದೇ ಸರಿಯಾದ ವಿಧಾನ, ಬ್ರಹ್ಮಾವರದಿಂದ ಬಡಗಣಕ್ಕೆ ಕುಂದಗನ್ನಡದಲ್ಲಿ, ತೆಂಕಣಕ್ಕೆ ತುಳುವಿನಲ್ಲಿ ಉತ್ತರ ಬಂದರೂ ಕೈಸನ್ನೆ ಒಂದೇ. ನಾಗಬನದ ಒಳಗೆ ಕಾಲಿಡಬಾರದು; ದೈವಸ್ಥಾನದ ಅಂಗಳದಲ್ಲಿ ಚಪ್ಪಲಿ ಕಳಚಬೇಕು; ನಾಟಿಯಾದ ಗದ್ದೆಯ ಅಂಚು ಹೊಸ ಕೆಸರು ಮೆತ್ತಿದ್ದಾದರೆ ಸುತ್ತುದಾರಿ ಹಿಡಿಯಬೇಕು, ಏಕೆಂದರೆ ಒಂದು ಹೆಜ್ಜೆ ಕುಸಿದರೆ ಇಡೀ ಗದ್ದೆಯ ನೀರು ಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಒಂದೇ ದಾರಿ ನಡೆಯುವಷ್ಟು ಸಮಯವಿದ್ದು, ಇಡೀ ದಿನ ಮೀಸಲಿಡಬಲ್ಲವರು ಬಾರಕೂರಿನಿಂದ ಹಂಗಾರಕಟ್ಟೆಯವರೆಗೆ ನಡೆಯಲಿ. ನಡೆದು ಅಭ್ಯಾಸವಿಲ್ಲದವರೂ, ಮೊದಲ ಬಾರಿ ಕರಾವಳಿಗೆ ಬಂದ ನೆಂಟರನ್ನು ಕರೆದೊಯ್ಯುವವರೂ ಮಟ್ಟುವನ್ನು ಆರಿಸಲಿ. ಹಿರಿಯರಿದ್ದು, ಚರಿತ್ರೆಯಲ್ಲಿ ಆಸಕ್ತಿಯಿದ್ದರೆ ಬಸ್ರೂರು. ಮಂಗಳೂರಿನಲ್ಲಿ ಕೆಲಸಕ್ಕಿದ್ದು ಭಾನುವಾರ ಬೆಳಗ್ಗೆ ಮಾತ್ರ ಬಿಡುವು ಸಿಗುವವರಿಗೆ ಗುರುಪುರವೇ ಸಾಕು.

ಮಳೆಗಾಲದಲ್ಲಿ ಹೊರಡಲೇಬೇಕೆನ್ನುವವರ ಪ್ರಶ್ನೆ ಉಳಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಹೇಳಿದ ಯಾವ ಹೊಳೆದಡವನ್ನೂ ನಾನು ಸೂಚಿಸುವುದಿಲ್ಲ; ಘಟ್ಟದಲ್ಲಿ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ನೀರೇರಿಸಬಲ್ಲದು, ಅಳಿವೆಗಳಲ್ಲಿ ದೋಣಿಯ ಭರವಸೆಯಿಲ್ಲ, ಜಾರುವ ಕಾಲುಸಂಕಗಳಲ್ಲಿ ಪ್ರತಿವರ್ಷ ಅವಘಡಗಳಾಗುತ್ತವೆ. ಆಗ ಮೂಡುಬಿದಿರೆಗೆ ಹೋಗುವುದು ಒಳ್ಳೆಯದು. ಹೊಳೆಯಿಲ್ಲದಿದ್ದರೂ ನಡೆಯಲು ಊರಿದೆ: ಹದಿನೆಂಟು ಬಸದಿಗಳು, 1430ರಲ್ಲಿ ಕಟ್ಟಡ ಆರಂಭವಾದ ಸಾವಿರ ಕಂಬದ ಬಸದಿ, ಮರದ ಕೆತ್ತನೆಯ, ಚೌಟ ಅರಸರ ಅರಮನೆ, ಊರಂಚಿನ ಕೊಡಂಗಲ್ಲಿನಲ್ಲಿ ಜೈನ ಗುರುಗಳ ಹಂತಹಂತದ ಸಮಾಧಿಗಳು. ಬಸದಿಗಳ ಇಳಿಜಾರು ಮಾಡು ಏಕೆ ಹಾಗಿದೆಯೆಂಬುದು ಬೇಸಗೆಯ ಪ್ರವಾಸಿಗೆ ಅಲಂಕಾರವಾಗಿ ಕಾಣುತ್ತದೆ, ಆಷಾಢದಲ್ಲಿ ಅದರ ಕೆಳಗೆ ನಿಂತವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ವೇಣೂರಿಗೆ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿಯನ್ನು ನೋಡಲು, ನಡೆಯುವ ಬದಲು ಬಸ್ಸಿನಲ್ಲಿ ಹೋಗಬೇಕು. ಫಲ್ಗುಣಿ ಅಲ್ಲಿ ಇನ್ನೂ ಕಿರಿದಾಗಿ, ಬಂಡೆಗಳ ನಡುವೆ ಕೆಂಪಗೆ ಹರಿಯುತ್ತಿರುತ್ತದೆ, ಅದನ್ನು ಸೇತುವೆಯ ಮೇಲಿಂದಲೇ ನೋಡಬೇಕು, ದಡಕ್ಕೆ ಇಳಿಯಬಾರದು.